ಮಾಂಗಾ, ಮಹಾವೀರ ಮತ್ತು ಮುತ್ಯಾನ ಪಟ್ಟಿ

ಕಳೆದ ದೀಪಾವಳಿಗೆ ಇಜೇರಿಗೆ ಹೋಗುವಾಗ ಬ್ಯಾಗಿನಲ್ಲಿ ಮೂರು ಪುಸ್ತಕ ಇದ್ದವು. ನವೋಕಿ ಉರಸಾವಾ ಅವರ ಮಾಂಗಾ ‘ಪ್ಲೂಟೊ’ದ ಒಂದು ಸಂಪುಟ, ಚೀನಾದ ಲಿಯು ಸಿಶಿನ್ ಬರೆದ ‘ದ ತ್ರೀ ಬಾಡಿ ಪ್ರಾಬ್ಲಮ್’, ಮತ್ತೆ ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಒಂದು ಸಂಗ್ರಹ. ಆ ವರ್ಷ ನನ್ನ ಓದೆಲ್ಲ ಹಿಂಗೇ ಇತ್ತು: ಒಂದಿಷ್ಟು ಚಿತ್ರ, ಒಂದಿಷ್ಟು ರೋಬಾಟು, ಒಂದಿಷ್ಟು ಪದ್ಯ. ಆಫೀಸಿನಲ್ಲಿ ಯಾರಾದರೂ ಏನು ಓದ್ತಿದ್ದೀಯ ಅಂತ ಕೇಳಿದರೆ ಕಾದಂಬರಿಯ ಹೆಸರು ಹೇಳ್ತಿದ್ದೆ. ಮಾಂಗಾ ಅಂದರೆ ಮಕ್ಕಳದ್ದು ಅಂತಾರೆ, ತತ್ವಪದ ಅಂದರೆ ಮುದುಕರದ್ದು ಅಂತಾರೆ. ಮೂವತ್ತು ದಾಟಿದವನು ಎರಡನ್ನೂ ಒಪ್ಪಿಕೊಳ್ಳೋಕೆ ಸ್ವಲ್ಪ ಧೈರ್ಯ ಬೇಕು.

ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ‘ಪ್ಲೂಟೊ’ ತೆಗೆದುಕೊಂಡು ಕೂತಿದ್ದೆ. ಜಪಾನಿ ಮಾಂಗಾ ಬಲದಿಂದ ಎಡಕ್ಕೆ ಓದಬೇಕು. ನಮ್ಮ ಲೆಕ್ಕದಲ್ಲಿ ಪುಸ್ತಕದ ಕೊನೆಯ ಪುಟ ಅದರ ಮೊದಲ ಪುಟ. ಜ್ವಾಳ ಹಸನು ಮಾಡುತ್ತಿದ್ದ ಅವ್ವ ಸ್ವಲ್ಪ ಹೊತ್ತು ನೋಡಿದಳು.

“ಯಾಕೋ, ಪುಸ್ತಕ ಹಿಂದಿನಿಂದ ತೆರದೀದಿ? ನಿಮ್ಮ ಮುತ್ಯಾನೂ ಹಿಂಗೇ ಓದ್ತಿದ್ದರು ನೋಡು.”

ಅಷ್ಟಂದು ಎದ್ದು ಒಳಗೆ ಹೋಗಿ ತಗಡಿನ ಟ್ರಂಕಿನಿಂದ ಒಂದು ಪಟ್ಟಿ ತಂದು ಕೊಟ್ಟಳು. ನಮ್ಮ ಕಡೆ ನೋಟ್‌ಬುಕ್ಕಿಗೆ ಪಟ್ಟಿ ಅಂತೀವಿ. ರಟ್ಟು ಹೋಗಿತ್ತು, ಅಂಚನ್ನು ಗೆದ್ದಲು ತಿಂದಿತ್ತು. ಒಳಗೆ 41 ಹಾಳೆ, ಪೂರ್ತಿ ಉರ್ದು ಅಕ್ಷರ. ಮುತ್ಯಾನ ಹಿಸಾಬಿನ ಪಟ್ಟಿ ಇರಬೇಕು ಅಂದುಕೊಂಡೆ.

“ಹಿಸಾಬ ಅಲ್ಲೋ, ಭಜನಿ ಪದ” ಅಂದಳು ಅವ್ವ.

ಭಜನಿ ಪದ ಅಂದರೆ ಕನ್ನಡ. ಮುತ್ಯಾ ಅಮಾವಾಸ್ಯೆಗೊಮ್ಮೆ ಏಕತಾರಿ ಹಿಡಿದು ಬೆಳತನಕ ಹಾಡುತ್ತಿದ್ದದ್ದು ಕನ್ನಡದ ತತ್ವಪದಗಳನ್ನೇ. ಅಂದರೆ ಆ ಪಟ್ಟಿಯೊಳಗೆ ಇದ್ದದ್ದು ಕನ್ನಡ, ಆದರೆ ಉರ್ದು ಲಿಪಿಯಲ್ಲಿ. ಮುತ್ಯಾನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ನನಗೆ ಉರ್ದು ಅಕ್ಷರ ಬರುವುದಿಲ್ಲ. ಒಂದೇ ಮನೆ, ಒಂದೇ ಭಾಷೆ, ನಡುವೆ ಒಂದು ಲಿಪಿ.

*

ಬೆಂಗಳೂರು, ಮೈಸೂರು ಕಡೆಯ ಗೆಳೆಯರಿಗೆ ಇದು ವಿಚಿತ್ರ ಅನ್ನಿಸಬಹುದು. ಕಲಬುರಗಿ, ಬೀದರ, ರಾಯಚೂರಿನವರಿಗೆ ಏನೂ ಅನ್ನಿಸುವುದಿಲ್ಲ. ನಾವು ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವರು. ಆಡಳಿತ, ಕೋರ್ಟು, ಮೇಲಿನ ತರಗತಿಗಳ ಪಾಠ ಎಲ್ಲ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನೇ ಬೋಧನೆಯ ಭಾಷೆ ಮಾಡಿಕೊಂಡಿತು. ವಿಜ್ಞಾನದ ಪುಸ್ತಕಗಳನ್ನು ಅನುವಾದ ಮಾಡಲಿಕ್ಕೆ ಒಂದು ಇಲಾಖೆಯನ್ನೇ ತೆರೆದರು. ಇಂಗ್ಲಿಷ್ ಇಲ್ಲದೆ ಉನ್ನತ ಶಿಕ್ಷಣ ಸಾಧ್ಯ ಅಂತ ತೋರಿಸಿದ ದೊಡ್ಡ ಕೆಲಸ ಅದು, ಇವತ್ತು ನೋಡಿದರೂ ಹೊಟ್ಟೆಕಿಚ್ಚಾಗುತ್ತದೆ. ಆದರೆ ಮನೆಯಲ್ಲಿ ಕನ್ನಡ, ಮರಾಠಿ, ತೆಲುಗು ಆಡುವ ಮಕ್ಕಳಿಗೆ ಅದೇ ಇನ್ನೊಂದು ಮುಚ್ಚಿದ ಬಾಗಿಲು.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತಕ್ಕೆ ಸೇರಿತು. 1949ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲೇ ನಡೆಯಿತು, ಅಧ್ಯಕ್ಷರು ಉತ್ತಂಗಿ ಚನ್ನಪ್ಪನವರು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯದವರಾದೆವು. ಕನ್ನಡದವರಿಗೆ ಕನ್ನಡ ಸಿಕ್ಕಿತು, ನಿಜ. ಆದರೆ ಈ ಬದಲಾವಣೆಯ ಸಂದಿಯಲ್ಲಿ ಒಂದು ತಲೆಮಾರು ಸಿಕ್ಕಿಹಾಕಿಕೊಂಡಿತು. ಮುತ್ಯಾ ನಾಲ್ಕನೇ ಇಯತ್ತೆ ತನಕ ಉರ್ದು ಕಲಿತವನು. ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಅವನೇ ಶಾಣ್ಯಾ. ಚಾವಡಿಯಿಂದ ಕಾಗದ ಬಂದರೆ ಓದಿಸಿಕೊಳ್ಳಲು ಇವನ ಹತ್ತಿರ ಬರುತ್ತಿದ್ದರಂತೆ. ಚಾವಡಿಯ ಕಾಗದ ಕನ್ನಡಕ್ಕೆ ಬಂದ ಮೇಲೆ ಇವನೇ ಹೆಬ್ಬೆಟ್ಟಿನವರ ಸಾಲಿನಲ್ಲಿ ನಿಂತ.

ನಾವು ಸಾಫ್ಟ್‌ವೇರಿನವರಿಗೆ ಇದು ಗೊತ್ತಿರುವ ಕಥೆಯೇ. ಹಳೇ ನುಡಿ ಫಾಂಟಿನಲ್ಲಿ ಬರೆದ ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದಿದ್ದೀರಾ? ಇಂಗ್ಲಿಷ್ ಅಕ್ಷರ, ಡಾಲರ್ ಚಿಹ್ನೆ, ಚುಕ್ಕೆ ಎಲ್ಲ ಕಲಸಿದ ಚಿತ್ರಾನ್ನ ಕಾಣುತ್ತದೆ. ಒಳಗಿನ ಮಾತು ಹಾಳಾಗಿರುವುದಿಲ್ಲ, ಅದನ್ನು ಬಿಚ್ಚುವ ಕೀಲಿ ನಮ್ಮ ಹತ್ತಿರ ಇರುವುದಿಲ್ಲ, ಅಷ್ಟೇ. ಮುತ್ಯಾ ಅಂಥದೇ ಒಂದು ಕಡತ.

ಕೀಲಿ ಕೊಡುತ್ತೀನಿ ಅಂತ ಅವನೇ ಒಮ್ಮೆ ಕರೆದಿದ್ದ. ನಾನು ಬಿಇ ಎರಡನೇ ವರ್ಷದಲ್ಲಿದ್ದೆ, ರಜೆಗೆ ಊರಿಗೆ ಬಂದಿದ್ದೆ.

“ಬಾರೋ ತಮ್ಮಾ, ಅಲಿಫ್ ಬೇ ಕಲಸ್ತೀನಿ. ಜಾಣ ಇದ್ದೀ, ನಾಕು ದಿನದಾಗ ಬರ್ತದ.”

“ಪರೀಕ್ಷಾ ಅದ ಮುತ್ಯಾ, ಆಮ್ಯಾಲ ನೋಡಮು” ಅಂದಿದ್ದೆ. ಪರೀಕ್ಷೆ ಇನ್ನೂ ಎರಡು ತಿಂಗಳು ಇತ್ತು. ಮುಂದಿನ ವರ್ಷ ಅವನು ಹೋದ.

*

ಹಬ್ಬದ ಮರುದಿನ ಕಾಕಾನ ಬೈಕ್ ತಗೊಂಡು ಭೀಮೆ ದಾಟಿ ಸನ್ನತಿಗೆ ಹೋದೆ. ಪಟ್ಟಿ ತಲೆಯಲ್ಲಿ ಕೊರೆಯುತ್ತಿತ್ತು, ಸುಮ್ಮನೆ ಮನೆಯಲ್ಲಿ ಕೂರಲಾಗಲಿಲ್ಲ. ಸನ್ನತಿ ಅಂದರೆ ನಮ್ಮವರಿಗೆ ಚಂದ್ರಲಾಂಬೆ. ಚಿಕ್ಕವನಿದ್ದಾಗ ಜಾತ್ರೆಗೆ ಹೋಗಿದ್ದೆ, ತೆಂಗಿನಕಾಯಿ ಮತ್ತು ಬಿಸಿಲು ಬಿಟ್ಟರೆ ಬೇರೇನೂ ನೆನಪಿಲ್ಲ.

1986ರಲ್ಲಿ ಅಲ್ಲಿಯ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಕೆಳಗೆ ಪೀಠವಾಗಿ ಇಟ್ಟಿದ್ದ ಕಲ್ಲನ್ನು ಎತ್ತಿ ನೋಡಿದರೆ ಎರಡೂ ಬದಿಯಲ್ಲಿ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ! ಯಾವುದೋ ಕಾಲದಲ್ಲಿ, ಅದನ್ನು ಓದಬಲ್ಲವರು ಯಾರೂ ಉಳಿಯದಿದ್ದಾಗ, ಗಟ್ಟಿ ಕಲ್ಲು ಅಂತ ನಡುವೆ ತೂತು ಕೊರೆದು ಪೀಠ ಮಾಡಿಕೊಂಡಿದ್ದರು. ನಾನು ನಕ್ಕೆ, ಆಮೇಲೆ ಟ್ರಂಕಿನಲ್ಲಿ ಗೆದ್ದಲು ತಿಂದ ಪಟ್ಟಿ ನೆನಪಾಗಿ ನಗು ನಿಂತಿತು. ಓದಲು ಬಾರದ ಅಕ್ಷರಕ್ಕೆ ಎಲ್ಲ ಕಾಲದಲ್ಲೂ ಇದೇ ಗತಿ.

ಸನ್ನತಿಯ ಪಕ್ಕದಲ್ಲೇ ಕನಗನಹಳ್ಳಿ. 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಲ್ಲಿ ಅಗೆದಾಗ ದೊಡ್ಡದೊಂದು ಬೌದ್ಧ ಸ್ತೂಪ ಸಿಕ್ಕಿತು. ಶಾತವಾಹನರ ಕಾಲದ್ದು, ಸುಮಾರು 2,000 ವರ್ಷ ಹಳೆಯದು. ಸ್ತೂಪದ ಸುತ್ತ ಹೊದಿಸಿದ್ದ ಕಲ್ಲಿನ ಹಲಗೆಗಳ ಮೇಲೆ ಬುದ್ಧನ ಬದುಕು, ಜಾತಕ ಕಥೆಗಳು, ರಾಜರು, ಆನೆ, ಕುದುರೆ, ನಾಗರು. ಕಲ್ಲು ನಮ್ಮ ಕಡೆಯದೇ ಸುಣ್ಣದಕಲ್ಲು. ಎಷ್ಟೋ ದೃಶ್ಯಗಳ ಜೊತೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ, ಇದು ಇಂಥ ಕಥೆ, ಇವನು ಇಂಥ ರಾಜ ಅಂತ ಬರೆದಿದ್ದಾರೆ. ಒಂದು ಹಲಗೆಯಲ್ಲಿ ರಾಜ, ಅವನ ರಾಣಿ, ಛತ್ರಿ ಚಾಮರ ಹಿಡಿದವರು. ಪಕ್ಕದಲ್ಲಿ ಹೆಸರು: ರಾಯ ಅಸೋಕೊ. ಅಶೋಕನ ಹೆಸರಿನೊಂದಿಗೇ ಸಿಕ್ಕ ಅವನ ಶಿಲ್ಪ, ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯ ಹೊಲದಲ್ಲಿ.

ಆ ಚಿತ್ರಗಳ ಮುಂದೆ ನಿಂತಾಗ ನನಗೆ ನೆನಪಾದದ್ದು ಒಸಾಮು ತೆಜುಕಾ. ಜಪಾನಿನಲ್ಲಿ ಮಾಂಗಾದ ದೇವರು ಅಂತಲೇ ಕರೆಯುವ ಮನುಷ್ಯ. 1972ರಿಂದ 1983ರ ತನಕ ಬುದ್ಧನ ಬದುಕನ್ನು ಮಾಂಗಾದಲ್ಲಿ ಬರೆದ. ನಾನದನ್ನು ಓದಿದ್ದು ಕೊರೊನಾ ಕಾಲದಲ್ಲಿ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದಾಗ. ನಾನೀಗ ಓದುತ್ತಿದ್ದ ‘ಪ್ಲೂಟೊ’ ಕೂಡ ತೆಜುಕಾನ ‘ಆಸ್ಟ್ರೋ ಬಾಯ್’ನ ಒಂದು ಕಥೆಯನ್ನು ದೊಡ್ಡವರಿಗಾಗಿ ಮತ್ತೆ ಹೇಳಿದ್ದು. ಅದರ ಪತ್ತೇದಾರ ರೋಬಾಟಿಗೆ ರಾತ್ರಿ ಕೆಟ್ಟ ಕನಸು ಬೀಳುತ್ತದೆ, ಯಾಕೆಂದರೆ ಅವನ ನೆನಪಿನ ಒಂದು ತುಂಡನ್ನು ಯಾರೋ ಅಳಿಸಿಬಿಟ್ಟಿರುತ್ತಾರೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಮಾಂಗಾ ಹುಟ್ಟಿದ್ದೇ ಭೀಮಾ ತೀರದಲ್ಲಿ ಅಂತ ನಾಳೆ ವಾಟ್ಸ್ಯಾಪಿನಲ್ಲಿ ಫಾರ್ವರ್ಡ್ ಮಾಡಬೇಡಿ. ಹಾಗೇನೂ ಇಲ್ಲ. ಹೊಕುಸಾಯಿ ತನ್ನ ಚಿತ್ರಗಳ ಪುಸ್ತಕಕ್ಕೆ ಮಾಂಗಾ ಅಂತ ಹೆಸರಿಟ್ಟದ್ದು 1814ರಲ್ಲಿ, ಅವನಿಗೆ ಕನಗನಹಳ್ಳಿ ಗೊತ್ತಿರಲಿಕ್ಕೆ ಸಾಧ್ಯವೇ ಇಲ್ಲ. ನಾನು ಹೇಳುವುದು ಇಷ್ಟೇ: ಚಿತ್ರದಲ್ಲಿ ಕಥೆ ಹೇಳಿ ಪಕ್ಕದಲ್ಲಿ ನಾಲ್ಕು ಅಕ್ಷರ ಬರೆಯುವುದು ಮಕ್ಕಳಾಟ ಅಂತ ಆ ಕಾಲದವರಿಗೆ ಅನ್ನಿಸಿರಲಿಲ್ಲ. ಊರಿನ ವ್ಯಾಪಾರಿ, ಭಿಕ್ಷು, ರಾಜ ಎಲ್ಲರೂ ಅದರ ಸುತ್ತ ನಡೆದು ನೋಡಿದರು. ಅಕ್ಷರ ಬಂದವರು ಓದಿದರು, ಬಾರದವರು ನೋಡಿದರು. ಚಿತ್ರದ ಪುಸ್ತಕ ಓದುವುದಕ್ಕೆ ನಾಚಿಕೆ ಪಡುವುದನ್ನು ನಾವು ಆಮೇಲೆ ಎಲ್ಲೋ ಕಲಿತೆವು.

*

ವಾಪಸ್ ಬೆಂಗಳೂರಿಗೆ ಹೊರಡುವ ಮೊದಲು ಮಳಖೇಡಕ್ಕೂ ಹೋಗಿಬಂದೆ. ಸೇಡಂ ತಾಲ್ಲೂಕು, ಕಾಗಿಣಾ ದಂಡೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ. ಸುಮಾರು ಕ್ರಿ.ಶ. 850ರಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದ, ಕನ್ನಡದಲ್ಲಿ ಇವತ್ತು ನಮಗೆ ಸಿಕ್ಕಿರುವ ಮೊದಲ ಗ್ರಂಥ ಅದು ಅಂತ ಶಾಲೆಯಲ್ಲಿ ಎಲ್ಲರೂ ಓದಿರುತ್ತೀರಿ. ಅದೇ ರಾಜನನ್ನು ಹೊಗಳಿ ಶುರುವಾಗುವ ಇನ್ನೊಂದು ಪುಸ್ತಕ ಇದೆ, ಅದನ್ನು ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ: ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಸಂಸ್ಕೃತದ್ದು. ಪೂರ್ತಿ ಗಣಿತ, ಪೂರ್ತಿ ಪದ್ಯ.

ಅದರ ಒಂದು ಲೆಕ್ಕ ಹೇಳುತ್ತೇನೆ, ನನ್ನ ಮಾತಿನಲ್ಲಿ. ವಸಂತದ ರಾತ್ರಿ. ಗಂಡ ಹೆಂಡಿರ ಸರಸದಲ್ಲಿ ಹೆಂಡತಿಯ ಮುತ್ತಿನ ಹಾರ ಹರಿಯುತ್ತದೆ. ಮೂರರಲ್ಲೊಂದು ಪಾಲು ಮುತ್ತು ದಾಸಿಯ ಕಡೆ ಉರುಳಿದವು, ಆರರಲ್ಲೊಂದು ಪಾಲು ಹಾಸಿಗೆಯ ಮೇಲೆ ಬಿದ್ದವು. ಉಳಿದದ್ದರ ಅರ್ಧ, ಆಮೇಲೆ ಉಳಿದದ್ದರ ಅರ್ಧ, ಹೀಗೆ ಆರು ಸಲ ಅಲ್ಲಲ್ಲಿ ಚೆಲ್ಲಿದವು. ಕೊನೆಗೆ ಉಳಿದದ್ದು 1,161. ಹಾಗಾದರೆ ಹಾರದಲ್ಲಿ ಒಟ್ಟು ಎಷ್ಟು ಮುತ್ತಿದ್ದವು? ಮೊದಲ ಎರಡು ಪಾಲು ಸೇರಿದರೆ ಅರ್ಧ. ಅಲ್ಲಿಗೆ ಒಟ್ಟು ಏಳು ಸಲ ಅರ್ಧವಾದ ಹಾಗಾಯಿತು, ಅಂದರೆ ಏಳು ಸಲ ಇಮ್ಮಡಿ ಮಾಡಿದರೆ ಉತ್ತರ: 1,48,608. ಎರಡರ ಘಾತಗಳಲ್ಲೇ ದಿನ ಕಳೆಯುವ ನಮ್ಮಂಥವರಿಗೆ ಬಾಯಿಲೆಕ್ಕ. ಅಷ್ಟು ಮುತ್ತು ಹೊತ್ತ ಕೊರಳಿನ ಬಗ್ಗೆ ಮಾತ್ರ ಕನಿಕರ ಆಗುತ್ತದೆ.

ಮಹಾವೀರ ತಪ್ಪನ್ನೂ ಮಾಡಿದ್ದಾನೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆ ಅಂದುಬಿಟ್ಟ. ಇವತ್ತು ಯಾವ ಕಂಪ್ಯೂಟರೂ ಒಪ್ಪುವುದಿಲ್ಲ. ಆದರೆ ಋಣಸಂಖ್ಯೆಗೆ ವರ್ಗಮೂಲ ಇರಲಾರದು ಅಂತ ಸ್ಪಷ್ಟವಾಗಿ ಬರೆದವನೂ ಅವನೇ. ಅವನ ಪುಸ್ತಕ 11ನೇ ಶತಮಾನದಲ್ಲಿ ತೆಲುಗಿಗೆ ಹೋಯಿತು. ಮುಂದೆ 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ, ಅದೂ ಪದ್ಯದಲ್ಲಿ. ಪದ್ಯದಲ್ಲೇ ಯಾಕೆ? ತಾಳೆಗರಿ ಎಲ್ಲರ ಮನೆಯಲ್ಲಿ ಇರುವುದಿಲ್ಲ, ಪದ್ಯವಾದರೆ ಬಾಯಲ್ಲಿ ನಿಲ್ಲುತ್ತದೆ. ಸೂತ್ರವನ್ನು ಹೊತ್ತು ತಿರುಗಲು ಆ ಕಾಲಕ್ಕೆ ಇದ್ದ ಅತ್ಯಂತ ಹಗುರದ ಪೆಟ್ಟಿಗೆ ಪದ್ಯ. ವಿಜ್ಞಾನದ ಕಪಾಟು ಬೇರೆ, ಕಾವ್ಯದ ಕಪಾಟು ಬೇರೆ ಅಂತ ಆಗ ಇರಲಿಲ್ಲ.

ಹೊಸ ಕಾಲದ ಕನ್ನಡವೂ ಬಡವಾಗಿರಲಿಲ್ಲ. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗೆ ‘ಬಾಲಪ್ರಪಂಚ’ ಕೊಟ್ಟರು. ರಾಜಶೇಖರ ಭೂಸನೂರಮಠರು ಧಾರವಾಡದ ಕಡೆಯ ಕನ್ನಡದವರಿಗೆ ವೈಜ್ಞಾನಿಕ ಕಥೆಯ ರುಚಿ ಹತ್ತಿಸಿದರು. ‘ಮನು’ ಹೆಸರಿನಲ್ಲಿ ಬರೆದ ಪಿ.ಎನ್. ರಂಗನ್ ‘ಮಹಾಸಂಪರ್ಕ’ದಲ್ಲಿ ಮಹಾಭಾರತವನ್ನೇ ಬೇರೆ ಲೋಕದವರ ಕಥೆಯಾಗಿ ನೋಡಿದರು. ತೇಜಸ್ವಿಯವರ ‘ಕರ್ವಾಲೊ’ 1980ರದ್ದು. ಇನ್ನು ಕಾಮಿಕ್ಸ್: ಅಮರ ಚಿತ್ರಕಥೆಯ ಮೊದಲ 10 ಸಂಚಿಕೆಗಳು ಬಂದದ್ದು ಕನ್ನಡದಲ್ಲಿ, 1965ರ ಸುಮಾರಿಗೆ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ. ಪರದೇಶದ ಮಕ್ಕಳ ಕಥೆಗಳ ಕನ್ನಡ ರೂಪ ಅವು. ಅದಕ್ಕೇ ಅನಂತ ಪೈ ಅವರ ಇಂಗ್ಲಿಷ್ ‘ಕೃಷ್ಣ’ ಶುರುವಾಗುವುದು 11ನೇ ಸಂಖ್ಯೆಯಿಂದ.

ಇದೆಲ್ಲ ನನಗೆ ಗೊತ್ತಾದದ್ದು ಬೆಂಗಳೂರಿಗೆ ಬಂದ ಮೇಲೆ. ನಾನು ಓದಿದ ಶಾಲೆಯಲ್ಲಿ ಒಂದು ಕಬ್ಬಿಣದ ಅಲಮಾರಿ ಇತ್ತು, ಗಾಜಿನ ಬಾಗಿಲು, ಒಳಗೆ ಪುಸ್ತಕ. ಬೆನ್ನಿನ ಮೇಲಿನ ಹೆಸರುಗಳು ನನಗೆ ಇವತ್ತಿಗೂ ಸಾಲಾಗಿ ನೆನಪಿವೆ, ‘ಬಾಲಪ್ರಪಂಚ’ವೂ ಅದರಲ್ಲಿತ್ತು. ಏಳು ವರ್ಷದಲ್ಲಿ ಆ ಬಾಗಿಲು ತೆರೆದದ್ದನ್ನು ನೋಡಿಲ್ಲ. ಹುಡುಗರು ಹರೀತಾರ, ಆಮ್ಯಾಲ ಲೆಕ್ಕ ಕೊಡವರು ಯಾರು ಅಂತ ಕೀಲಿ ಇಟ್ಟುಕೊಂಡವರು ಹೇಳುತ್ತಿದ್ದರು. ಕನ್ನಡದ ಅಕ್ಷರ ನನಗೆ ಬರುತ್ತಿತ್ತು, ಪುಸ್ತಕ ಗಾಜಿನಾಚೆ ಇತ್ತು. ಮುತ್ಯಾನಿಗೆ ಲಿಪಿ ಅಡ್ಡ ಬಂತು, ನನಗೆ ಕೀಲಿ.

*

ಬೆಂಗಳೂರಿಗೆ ಬಂದು ಪಟ್ಟಿಯ ಒಂದೊಂದು ಹಾಳೆಯ ಫೋಟೊ ತೆಗೆದೆ. ಕೈಬರಹದ ಉರ್ದುವನ್ನು ಓದಿಸಲು ಒಂದೆರಡು ಆ್ಯಪ್ ಹಚ್ಚಿ ನೋಡಿದೆ, ಅವು ಅದನ್ನು ಉರ್ದು ಭಾಷೆ ಅಂತಲೇ ತಿಳಿದು ಏನೇನೋ ಒದರಿದವು. ಕೊನೆಗೆ ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ಮಾಡುವ ಹೈದರಾಬಾದಿನ ಗೆಳೆಯನನ್ನು ಕೇಳಿದೆ. ಅವನಿಗೆ ಕನ್ನಡದ ಗಂಧ ಇಲ್ಲ. “ಅರ್ಥ ಗೊತ್ತಾಗದಿದ್ದರೂ ಪರವಾಗಿಲ್ಲ, ಕಂಡ ಹಾಗೆ ಓದು” ಅಂದೆ.

ಒಂದು ಶನಿವಾರ ಸಂಜೆ ವಿಡಿಯೊ ಕಾಲ್. ಅವನು ಒಂದೊಂದೇ ಶಬ್ದ ಕೂಡಿಸಿ ಓದುತ್ತಾನೆ, ಅದು ಅವನಿಗೆ ಬರೀ ಸದ್ದು. ನಾನು ಈ ಕಡೆ ಕನ್ನಡದಲ್ಲಿ ಟೈಪ್ ಮಾಡುತ್ತೇನೆ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಗೊತ್ತಾಯಿತು, ಇದು ಮಡಿವಾಳಪ್ಪನವರ ಪದ, ನಾನು ನಿದ್ದೆಗಣ್ಣಿನಲ್ಲಿ ಮುತ್ಯಾನ ತೊಡೆಯ ಮೇಲೆ ಮಲಗಿ ಕೇಳಿದ್ದು. ಟೈಪ್ ಮಾಡುವುದು ನಿಂತುಹೋಯಿತು. “ಭಾಯ್, ಕನೆಕ್ಷನ್ ಹೋಯ್ತಾ?” ಅಂದ ಅವನು.

ಕಡಕೋಳ ಹಳೇ ಜೇವರ್ಗಿ ತಾಲ್ಲೂಕಿನದೇ ಊರು. ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರಿನ ಜಲಾಲಸಾಹೇಬರೂ ಒಬ್ಬರು, ಮುಸ್ಲಿಂ, ಕನ್ನಡದಲ್ಲಿ ಪದ ಕಟ್ಟಿದವರು. ಇವರ ಪದಗಳನ್ನು ಹಾಡುವವರಲ್ಲಿ ಹೆಚ್ಚಿನವರು ಸಾಲಿಗೆ ಹೋಗದವರು. ವ್ಯಾಸಂಗ ಇಲ್ಲದೆಯೂ ಕಾವ್ಯ ಬಲ್ಲ ಜನ ಅಂತ ‘ಕವಿರಾಜಮಾರ್ಗ’ ಕನ್ನಡಿಗರನ್ನು ಹೊಗಳಿದ್ದು ಎಲ್ಲರಿಗೂ ಗೊತ್ತು. ಅದು ಮಳಖೇಡದಲ್ಲಿ ಬರೆದ ಮಾತು. ಸಾವಿರ ವರ್ಷ ಕಳೆದ ಮೇಲೂ ಅದೇ ಸೀಮೆಯ ಭಜನೆಯ ಕಟ್ಟೆಯ ಮೇಲೆ ಅದು ಸುಳ್ಳಾಗಿರಲಿಲ್ಲ. ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರ ಈಗ ತತ್ವಪದಗಳನ್ನು ಸಂಪುಟ ಸಂಪುಟವಾಗಿ ಹೊರತಂದಿದೆ, ಹಾಗಾಗಿ ನಮ್ಮ ಪಟ್ಟಿಯ ಹೆಚ್ಚಿನ ಪದಗಳು ಅಚ್ಚಿನಲ್ಲಿ ಸಿಗುತ್ತವೆ.

ತೊಂದರೆ ಇರುವುದು ಸಿಗದವುಗಳಲ್ಲಿ. ಉರ್ದುವಿನಲ್ಲಿ ನಮ್ಮ ‘ಳ’ ಇಲ್ಲ, ‘ಣ’ ಇಲ್ಲ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಮುತ್ಯಾ ಬರೆದದ್ದು ತನ್ನ ನೆನಪಿಗೆ, ಅವನಿಗೆ ಅಷ್ಟು ಸಾಕಿತ್ತು. ನಮಗೆ ಒಂದೊಂದು ಶಬ್ದವೂ ಒಗಟು. ಒಂದು ಪದದಲ್ಲಿ ಗೆಳೆಯ ‘ಗಾಲಿ’ ಅಂತ ಓದಿದ. ಗಾಲಿಯೋ, ಗಾಳಿಯೋ? ಈ ದೇಹ ಒಂದು ಬಂಡಿ ಅಂತ ಹಾಡುತ್ತಿದ್ದಾರೋ, ಉಸಿರಿನ ಮಾತು ಹೇಳುತ್ತಿದ್ದಾರೋ? ತತ್ವಪದದಲ್ಲಿ ಎರಡೂ ನಡೆಯುತ್ತದೆ.

ಅವ್ವನಿಗೆ ಫೋನ್ ಮಾಡಿದೆ. ಅವ್ವನಿಗೆ ಯಾವ ಲಿಪಿಯೂ ಬರುವುದಿಲ್ಲ. ನಾನು ಮೊದಲ ಸಾಲು ಹೇಳಿದರೆ ಸಾಕು, ಉಳಿದದ್ದನ್ನು ಆ ಕಡೆಯಿಂದ ಹಾಡಿಬಿಡುತ್ತಾಳೆ. 41 ಹಾಳೆಗಳಲ್ಲಿ 36 ಪದ ಇವೆ. ಅಚ್ಚಿನಲ್ಲಿ ಸಿಕ್ಕದ್ದು 28. ಅವ್ವ ಹಾಡಿ ಬಿಡಿಸಿದ್ದು 7. ಒಂದು ಮಾತ್ರ ಪುಸ್ತಕದಲ್ಲೂ ಇಲ್ಲ, ಅವ್ವನ ಬಾಯಲ್ಲೂ ಇಲ್ಲ. ಅದೇ ಗಾಲಿಯ ಪದ.

“ಅದು ನಾ ಕೇಳಿಲ್ಲೋ. ಒಬ್ಬರೇ ಕುಂತಾಗ ಹಾಡಕೊಂತಿದ್ದರೋ ಏನೋ” ಅಂದಳು.

ಅದು ಯಾರದಾದರೂ ಪದವೋ, ಮುತ್ಯಾ ತಾನೇ ಕಟ್ಟಿದ್ದೋ, ಆ ಪಟ್ಟಿ ಹೇಳುವುದಿಲ್ಲ. ಕೊನೆಯಲ್ಲಿ ಅಂಕಿತ ಇರಬೇಕಾದ ಜಾಗವನ್ನು ಗೆದ್ದಲು ತಿಂದಿದೆ. ಬರೆದವನನ್ನೇ ಕೇಳಬಹುದಿತ್ತು. ನಾಲ್ಕು ದಿನ ಸಾಕು ಅಂತ ಅವನೇ ಹೇಳಿದ್ದ.

ಈಗ ಅಲಿಫ್ ಬೇ ಶುರು ಮಾಡಿದ್ದೇನೆ, ರಾತ್ರಿ ಊಟದ ಮೇಲೆ ಅರ್ಧ ಗಂಟೆ. ನಾಲ್ಕು ದಿನದಲ್ಲಿ ಬರಲಿಲ್ಲ, ನಾಲ್ಕು ತಿಂಗಳಾಯಿತು. ನಾನು ಮಾಡಿಟ್ಟ ಎಕ್ಸೆಲ್ ಕಡತದಲ್ಲಿ 36ನೇ ಪದದ ಎದುರು ಗಾಲಿ, ಗಾಳಿ ಎರಡನ್ನೂ ಬರೆದಿದ್ದೇನೆ. ಮುತ್ಯಾನ ಜೊತೆ ಹಾಡುತ್ತಿದ್ದ ಒಬ್ಬರು ಪಕ್ಕದ ಊರಲ್ಲಿ ಇನ್ನೂ ಇದ್ದಾರಂತೆ, ಕಣ್ಣು ಕಾಣುವುದಿಲ್ಲ, ದನಿ ಹಾಗೇ ಇದೆಯಂತೆ. ಬರುವ ಅಮಾವಾಸ್ಯೆಗೆ ಬಸ್ ಟಿಕೆಟ್ ತೆಗೆದಿದ್ದೇನೆ.